ನಾಯಕರ ‘ಅಚ್ಚರಿಯ ಸಂಗತಿ’ಗಳಲ್ಲಿ ಕಾಳೆಷ್ಟು, ಜೊಳ್ಳೆಷ್ಟು?

ಅಬ್ರಹಾಂ ಲಿಂಕನ್ ಮತ್ತು ಜಾನ್ ಕೆನಡಿ ನಡುವಿನ ‘ನಂಬಲಾಗದ ಸಾಮ್ಯ’ಗಳ ಪಟ್ಟಿ ಕೆನಡಿ ಹತ್ಯೆಯಾದ ಮೇಲೆ ಹುಟ್ಟಿದ್ದು. ಅಲ್ಲಿಂದ ಇಲ್ಲಿಯವರೆಗೆ ಅದು ಸುತ್ತುತ್ತಲೇ ಇದೆ. ಮೊದಲು ಪತ್ರಿಕೆಗಳ ಮೂಲೆಯಲ್ಲಿ, ಆಮೇಲೆ ಇಮೇಲ್‌ಗಳಲ್ಲಿ, ಈಗ ವಾಟ್ಸ್‌ಆ್ಯಪ್ ಮತ್ತು ರೀಲ್ಸ್‌ಗಳಲ್ಲಿ ಹಿನ್ನೆಲೆ ಸಂಗೀತದ ಸಮೇತ. ನಾಯಕರ ಬಗ್ಗೆ ಹರಿದಾಡುವ ‘ನಿಮಗೆ ಗೊತ್ತಿಲ್ಲದ ಸಂಗತಿ’ಗಳು ಹೇಗೆ ತಯಾರಾಗುತ್ತವೆ ಎಂದು ನೋಡಲು ಇದಕ್ಕಿಂತ ಒಳ್ಳೆಯ ಮಾದರಿ ಸಿಗುವುದಿಲ್ಲ.

ಪಟ್ಟಿಯಲ್ಲಿರುವುದನ್ನೆಲ್ಲ ಸುಳ್ಳೆಂದು ತಳ್ಳಿಹಾಕುವಂತಿಲ್ಲ. ಲಿಂಕನ್ ಅಮೆರಿಕದ ಪ್ರತಿನಿಧಿ ಸಭೆಗೆ ಆಯ್ಕೆಯಾದದ್ದು 1846ರಲ್ಲಿ, ಕೆನಡಿ 1946ರಲ್ಲಿ. ಅಧ್ಯಕ್ಷ ಚುನಾವಣೆ ಗೆದ್ದದ್ದು 1860 ಮತ್ತು 1960ರಲ್ಲಿ. ಇಬ್ಬರಿಗೂ ಗುಂಡು ತಗುಲಿದ್ದು ಶುಕ್ರವಾರ, ತಲೆಗೆ, ಪತ್ನಿ ಪಕ್ಕದಲ್ಲಿದ್ದಾಗ. ಇಬ್ಬರ ನಂತರ ಗದ್ದುಗೆಗೆ ಬಂದವರ ಹೆಸರೂ ಜಾನ್ಸನ್. ಆಂಡ್ರ್ಯೂ ಜಾನ್ಸನ್ ಹುಟ್ಟಿದ್ದು 1808ರಲ್ಲಿ, ಲಿಂಡನ್ ಜಾನ್ಸನ್ 1908ರಲ್ಲಿ. ಇಷ್ಟೂ ನಿಜ.

ಜೊಳ್ಳು ಸೇರಿರುವುದು ಇದರ ನಡುವೆ. ‘ಕೆನಡಿಯ ಕಾರ್ಯದರ್ಶಿಯ ಹೆಸರು ಲಿಂಕನ್, ಲಿಂಕನ್‌ರ ಕಾರ್ಯದರ್ಶಿಯ ಹೆಸರು ಕೆನಡಿ’ ಎನ್ನುತ್ತದೆ ಪಟ್ಟಿ. ಮೊದಲರ್ಧ ಸರಿ, ಕೆನಡಿಯ ಕಾರ್ಯದರ್ಶಿ ಎವೆಲಿನ್ ಲಿಂಕನ್. ಆದರೆ ಲಿಂಕನ್‌ರ ಕಾರ್ಯದರ್ಶಿಗಳು ಜಾನ್ ನಿಕೊಲೇ ಮತ್ತು ಜಾನ್ ಹೇ. ಅಲ್ಲಿ ಕೆನಡಿ ಎಂಬ ಕಾರ್ಯದರ್ಶಿಯೇ ಇರಲಿಲ್ಲ. ಹಂತಕರಿಬ್ಬರೂ ನೂರು ವರ್ಷದ ಅಂತರದಲ್ಲಿ, 1839 ಮತ್ತು 1939ರಲ್ಲಿ, ಹುಟ್ಟಿದರು ಎಂಬುದು ಇನ್ನೊಂದು ಸಾಲು. ಕೆನಡಿಯ ಹಂತಕ ಓಸ್ವಾಲ್ಡ್ 1939ರವನು ಹೌದು. ಲಿಂಕನ್‌ರ ಹಂತಕ ಬೂತ್ ಹುಟ್ಟಿದ್ದು 1838ರ ಮೇ 10ರಂದು. ಲೆಕ್ಕ ಕೂಡಲಿ ಎಂದು ಯಾರೋ ಒಂದು ವರ್ಷ ಮುಂದೆ ತಳ್ಳಿದ್ದಾರೆ. ‘ಬೂತ್ ರಂಗಮಂದಿರದಲ್ಲಿ ಗುಂಡು ಹಾರಿಸಿ ಗೋದಾಮಿನಲ್ಲಿ ಸಿಕ್ಕಿಬಿದ್ದ, ಓಸ್ವಾಲ್ಡ್ ಗೋದಾಮಿನಿಂದ ಗುಂಡು ಹಾರಿಸಿ ಚಿತ್ರಮಂದಿರದಲ್ಲಿ ಸಿಕ್ಕಿಬಿದ್ದ’ ಎಂಬ ಸಾಲು ಕೇಳಲು ಚೆನ್ನಾಗಿದೆ. ಬೂತ್ ಸಿಕ್ಕಿದ್ದು ವರ್ಜೀನಿಯಾದ ಹೊಲವೊಂದರ ತಂಬಾಕಿನ ಕೊಟ್ಟಿಗೆಯಲ್ಲಿ.

ಉಳಿದ ನಿಜ ಸಂಗತಿಗಳನ್ನೂ ಸ್ವಲ್ಪ ಕೆದಕಿದರೆ ಬೆರಗು ಇಳಿಯುತ್ತದೆ. ಅಮೆರಿಕದಲ್ಲಿ ಅಧ್ಯಕ್ಷ ಚುನಾವಣೆ ನಾಲ್ಕು ವರ್ಷಕ್ಕೊಮ್ಮೆ, ಪ್ರತಿನಿಧಿ ಸಭೆಯ ಚುನಾವಣೆ ಸರಿಸಂಖ್ಯೆಯ ವರ್ಷಗಳಲ್ಲಿ ಮಾತ್ರ. ನೂರನ್ನು ಎರಡರಿಂದಲೂ ನಾಲ್ಕರಿಂದಲೂ ಭಾಗಿಸಬಹುದು. ಹಾಗಾಗಿ ‘ಸರಿಯಾಗಿ ನೂರು ವರ್ಷ’ ಎಂಬುದು ಕಾಣುವಷ್ಟು ಅಪರೂಪದ ಅಂತರವಲ್ಲ. ಇಬ್ಬರು ಜಾನ್ಸನ್‌ಗಳೂ ದಕ್ಷಿಣದ ರಾಜ್ಯಗಳವರು ಎಂಬುದರ ಹಿಂದೆ ಚುನಾವಣಾ ತಂತ್ರವಿದೆ. ಉತ್ತರದ ಅಭ್ಯರ್ಥಿ ತನ್ನ ಜೊತೆಗೆ ದಕ್ಷಿಣದವರೊಬ್ಬರನ್ನು ನಿಲ್ಲಿಸಿಕೊಂಡು ಮತ ಸರಿದೂಗಿಸುವುದು ಅಲ್ಲಿನ ಹಳೆಯ ರೂಢಿ. ಲಿಂಕನ್ 1864ರಲ್ಲಿ ಟೆನೆಸ್ಸಿಯವರನ್ನು ಇಟ್ಟುಕೊಂಡರು, ಕೆನಡಿ 1960ರಲ್ಲಿ ಟೆಕ್ಸಾಸ್‌ನವರನ್ನು.

ಇಂಥ ಸಂಗತಿಗಳನ್ನು ಜರಡಿ ಹಿಡಿಯುತ್ತ ಹೋದರೆ ಒಂದು ವಿಚಾರ ಮತ್ತೆ ಮತ್ತೆ ಎದುರಾಗುತ್ತದೆ. ನಿಜವಾದ ವಿಚಿತ್ರದ ಹಿಂದೆ ಹೆಚ್ಚಾಗಿ ಒಂದು ಸಪ್ಪೆ ಕಾರಣ ಕೂತಿರುತ್ತದೆ: ಒಂದು ಕಾನೂನು, ಒಂದು ಅಳತೆ, ಒಂದು ಕ್ಯಾಲೆಂಡರು, ಕಚೇರಿಯ ಕಾಗದ. ಸುಳ್ಳು ವಿಚಿತ್ರಕ್ಕೆ ಅದರ ಹಂಗಿಲ್ಲ. ಆ ನಾಯಕನ ಬಗ್ಗೆ ನಾವು ಮೊದಲೇ ಅಂದುಕೊಂಡಿದ್ದಕ್ಕೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತುಬಿಡುತ್ತದೆ.

ಅಳತೆಯಲ್ಲಿ ಬಿದ್ದ ಎಡವಟ್ಟು

ನೆಪೋಲಿಯನ್ ಕುಳ್ಳ ಎಂಬ ಮಾತನ್ನೇ ತೆಗೆದುಕೊಳ್ಳಿ. 1821ರಲ್ಲಿ ಸೇಂಟ್ ಹೆಲೆನಾದಲ್ಲಿ ಶವಪರೀಕ್ಷೆ ನಡೆದಾಗ ದಾಖಲಾದ ಎತ್ತರ 5 ಅಡಿ 2 ಅಂಗುಲ ಮತ್ತು ಒಂದಿಷ್ಟು. ಆದರೆ ಅದು ಹಳೆಯ ಫ್ರೆಂಚ್ ಅಡಿ. ಒಂದು ಫ್ರೆಂಚ್ ಅಡಿಗೆ 32.48 ಸೆಂಟಿಮೀಟರ್, ಒಂದು ಫ್ರೆಂಚ್ ಅಂಗುಲಕ್ಕೆ 2.707 ಸೆಂಟಿಮೀಟರ್. ಗುಣಿಸಿ ಕೂಡಿದರೆ ಸುಮಾರು 168 ಸೆಂಟಿಮೀಟರ್, ಆ ಕಾಲದ ಫ್ರೆಂಚರ ಮಟ್ಟಿಗೆ ಗಿಡ್ಡ ಎನ್ನುವ ಎತ್ತರವೇ ಅಲ್ಲ. ಅದೇ ಅಂಕಿಯನ್ನು ಇಂಗ್ಲಿಷ್ ಅಂಗುಲ ಎಂದು ಓದಿದರೆ 157.5 ಸೆಂಟಿಮೀಟರಿಗೆ ಇಳಿಯುತ್ತದೆ. ಹತ್ತು ಸೆಂಟಿಮೀಟರ್ ಹೋದದ್ದು ಅಳತೆಗೋಲಿನಲ್ಲಿ. ಅದಕ್ಕೂ ಮುಂಚೆ ಜೇಮ್ಸ್ ಗಿಲ್ರೇ ಎಂಬ ಇಂಗ್ಲಿಷ್ ವ್ಯಂಗ್ಯಚಿತ್ರಕಾರ ನೆಪೋಲಿಯನ್ನನನ್ನು ದೊಡ್ಡ ಬೂಟು, ದೊಡ್ಡ ಟೋಪಿಯೊಳಗೆ ಕುಣಿದಾಡುವ ಪುಟ್ಟ ಹುಡುಗನಾಗಿ ಬರೆದು ಬರೆದು ಜನರ ಕಣ್ಣಿಗೆ ಕೂರಿಸಿಬಿಟ್ಟಿದ್ದರಿಂದ ತಪ್ಪು ಅಂಕಿಯನ್ನು ಯಾರೂ ಪ್ರಶ್ನಿಸಲಿಲ್ಲ.

ಕ್ಯಾಲೆಂಡರೂ ಇದೇ ಆಟ ಆಡುತ್ತದೆ. ಜಾರ್ಜ್ ವಾಷಿಂಗ್ಟನ್ ಹುಟ್ಟಿದ ದಿನ 1731ರ ಫೆಬ್ರುವರಿ 11 ಎಂದೂ 1732ರ ಫೆಬ್ರುವರಿ 22 ಎಂದೂ ಎರಡು ಕಡೆ ಕಂಡರೆ ಎರಡೂ ಸರಿ. ಬ್ರಿಟನ್ ಮತ್ತು ಅದರ ವಸಾಹತುಗಳು 1752ರಲ್ಲಿ ಕ್ಯಾಲೆಂಡರ್ ಬದಲಿಸಿದಾಗ 11 ದಿನ ಜಿಗಿದವು. ಮಾರ್ಚ್ 25ಕ್ಕೆ ಬರುತ್ತಿದ್ದ ಹೊಸ ವರ್ಷವನ್ನು ಜನವರಿ 1ಕ್ಕೆ ತಂದವು. ದಿನವೂ ಬದಲಾಯಿತು, ಇಸವಿಯೂ ಬದಲಾಯಿತು. ಹಳೆಯ ನಾಯಕರ ಬಗ್ಗೆ ‘ಒಂದೇ ದಿನ ಹುಟ್ಟಿದರು, ಒಂದೇ ದಿನ ಸತ್ತರು’ ಎಂಬ ಸುದ್ದಿ ಬಂದಾಗ ಇಬ್ಬರ ದೇಶದಲ್ಲೂ ಆಗ ಯಾವ ಕ್ಯಾಲೆಂಡರ್ ಇತ್ತು ಎಂಬುದನ್ನು ಮೊದಲು ನೋಡಬೇಕು. ಈ ಪರೀಕ್ಷೆಯಲ್ಲಿ ಪಾಸಾಗುವ ಘಟನೆಗಳೂ ಇವೆ. ಜಾನ್ ಆಡಮ್ಸ್ ಮತ್ತು ಥಾಮಸ್ ಜೆಫರ್ಸನ್ ಇಬ್ಬರೂ ತೀರಿಕೊಂಡದ್ದು 1826ರ ಜುಲೈ 4ರಂದು, ಸ್ವಾತಂತ್ರ್ಯ ಘೋಷಣೆಯ ಐವತ್ತನೇ ವರ್ಷದ ದಿನವೇ.

ವಾಷಿಂಗ್ಟನ್ ಹೆಸರಿನಲ್ಲೇ ಇನ್ನೊಂದು ಕತೆ ಇದೆ: ಅವರ ಹಲ್ಲು ಸೆಟ್ಟು ಮರದ್ದಂತೆ. ಉಳಿದಿರುವ ಸೆಟ್ಟುಗಳಲ್ಲಿ ದಂತ, ಮನುಷ್ಯರ ಹಲ್ಲು, ಪ್ರಾಣಿಗಳ ಹಲ್ಲು, ಸೀಸ ಇವೆ, ಮರವಿಲ್ಲ. ಮನುಷ್ಯರ ಹಲ್ಲು ಎಲ್ಲಿಂದ ಬಂತು? ಅವರ ಎಸ್ಟೇಟಿನ ಲೆಕ್ಕದ ಪುಸ್ತಕದಲ್ಲಿ 1784ರ ಮೇ ತಿಂಗಳ ಒಂದು ಸಾಲಿದೆ: ಡಾಕ್ಟರ್ ಲೆಮೊಯಿನ್ ಲೆಕ್ಕದಲ್ಲಿ ಒಂಬತ್ತು ಹಲ್ಲುಗಳಿಗೆ ಗುಲಾಮರಿಗೆ ಕೊಟ್ಟ ಹಣ, 6 ಪೌಂಡ್ 2 ಷಿಲ್ಲಿಂಗ್. ಮರದ ಹಲ್ಲಿನ ಕತೆ ಕೇಳಿ ನಗಬಹುದು, ಮಕ್ಕಳಿಗೂ ಹೇಳಬಹುದು. ಲೆಕ್ಕದ ಪುಸ್ತಕದ ಆ ಸಾಲನ್ನು ಅಷ್ಟು ಸಲೀಸಾಗಿ ಹೇಳಲಾಗುವುದಿಲ್ಲ. ಬಹುಶಃ ಅದಕ್ಕೇ ಒಂದು ಕತೆ ಹಬ್ಬಿತು, ಇನ್ನೊಂದು ಕಡತದಲ್ಲೇ ಉಳಿಯಿತು.

ಆ ದಿನ ಆತ ಎಲ್ಲಿದ್ದ?

ನಾಯಕರ ಬಾಯಿಗೆ ತುರುಕಿದ ಮಾತುಗಳನ್ನು ಹಿಡಿಯಲು ಎಲ್ಲಕ್ಕಿಂತ ಅಗ್ಗದ ಪರೀಕ್ಷೆ ಇದು. ‘ಭಾರತದ ಉದ್ದಗಲ ಓಡಾಡಿದ್ದೇನೆ, ಒಬ್ಬ ಭಿಕ್ಷುಕನನ್ನಾಗಲಿ ಒಬ್ಬ ಕಳ್ಳನನ್ನಾಗಲಿ ಕಾಣಲಿಲ್ಲ’ ಎಂದು ಮೆಕಾಲೆ 1835ರ ಫೆಬ್ರುವರಿ 2ರಂದು ಬ್ರಿಟಿಷ್ ಸಂಸತ್ತಿನಲ್ಲಿ ಹೇಳಿದನೆಂಬ ಪೋಸ್ಟ್ ಬಹುತೇಕ ಎಲ್ಲರ ಫೋನಿಗೂ ಬಂದು ಹೋಗಿದೆ. ಮೆಕಾಲೆ ಭಾರತಕ್ಕೆ ಬಂದದ್ದು 1834ರ ಜೂನ್‌ನಲ್ಲಿ, ಗವರ್ನರ್ ಜನರಲ್ ಮಂಡಳಿಯ ಕಾನೂನು ಸದಸ್ಯನಾಗಿ. ವಾಪಸು ಹೋದದ್ದು 1838ರಲ್ಲಿ. ಈ ನಡುವೆ ಆತ ಸಂಸತ್ ಸದಸ್ಯನೇ ಆಗಿರಲಿಲ್ಲ. ಪೋಸ್ಟಿನಲ್ಲಿರುವ ತಾರೀಖು ಕೂಡ ಗಾಳಿಯಲ್ಲಿ ಹುಟ್ಟಿದ್ದಲ್ಲ. ಅದು ಆತ ಕಲ್ಕತ್ತೆಯಲ್ಲಿ ಕೂತು ಬರೆದ ಶಿಕ್ಷಣದ ಕುರಿತ ಪ್ರಸಿದ್ಧ ಟಿಪ್ಪಣಿಯ ತಾರೀಖು. ಲಂಡನ್ನಿಗೆ ಹಡಗಿನಲ್ಲಿ ತಿಂಗಳುಗಟ್ಟಲೆ ಬೇಕಿದ್ದ ಕಾಲದಲ್ಲಿ ಒಂದೇ ದಿನ ಎರಡೂ ಕಡೆ ಇರಲು ಸಾಧ್ಯವಿರಲಿಲ್ಲ. ಸುಳ್ಳು ಉಕ್ತಿ ಕಟ್ಟುವವರು ನಿಜವಾದ ದಾಖಲೆಯೊಂದರ ತಾರೀಖನ್ನು ಕದಿಯುವುದು ಸಾಮಾನ್ಯ. ಹುಡುಕಲು ಹೊರಟವನಿಗೆ ಆ ತಾರೀಖಿನಲ್ಲಿ ಏನೋ ಒಂದು ಸಿಗುತ್ತದೆ, ಅಲ್ಲಿಗೇ ನಿಲ್ಲುತ್ತಾನೆ. ಅಸಲಿ ಟಿಪ್ಪಣಿ ಓದಿದವರಿಗೆ ಗೊತ್ತು, ಅದರಲ್ಲಿ ಭಾರತದ ಹೊಗಳಿಕೆಯ ಸುಳಿವೂ ಇಲ್ಲ.

ಚರ್ಚಿಲ್ ಹೆಸರಿನ ‘ಅಧಿಕಾರ ಪುಂಡರ, ಪೋಕರಿಗಳ ಕೈಗೆ ಹೋಗುತ್ತದೆ, ಗಾಳಿ ನೀರಿಗೂ ತೆರಿಗೆ ಬೀಳುತ್ತದೆ’ ಎಂಬ, ಸ್ವತಂತ್ರ ಭಾರತದ ಕುರಿತ ಭವಿಷ್ಯವಾಣಿಯೂ ಇದೇ ಜಾತಿಯದು. ಬ್ರಿಟಿಷ್ ಸಂಸತ್ತಿನ ಕಲಾಪಗಳು 1803ರಿಂದೀಚೆಗೆ ಹ್ಯಾನ್ಸಾರ್ಡ್ ಜಾಲತಾಣದಲ್ಲಿ ಹುಡುಕಲು ಸಿಗುತ್ತವೆ. ಈ ಮಾತು ಅಲ್ಲಿಲ್ಲ. ಚರ್ಚಿಲ್ ಭಾಷಣ, ಬರಹಗಳನ್ನು ಸೋಸಿದ ಸಂಶೋಧಕರಿಗೂ ಸಿಕ್ಕಿಲ್ಲ. ‘ಪ್ರಜಾಪ್ರಭುತ್ವ ಅತಿ ಕೆಟ್ಟ ಪದ್ಧತಿ, ಉಳಿದೆಲ್ಲವನ್ನೂ ಬಿಟ್ಟರೆ’ ಎಂಬ ಮಾತು ಮಾತ್ರ 1947ರ ನವೆಂಬರ್ 11ರ ಕಲಾಪದಲ್ಲಿ ಇದೆ. ಅಲ್ಲೂ ಅವರು ‘ಹೀಗೆ ಹೇಳುತ್ತಾರೆ’ ಎಂದೇ ಶುರುಮಾಡಿದ್ದರು.

ಹುಡುಕುವಾಗ ಪೂರ್ತಿ ವಾಕ್ಯವನ್ನು ಹಾಕಬಾರದು. ಅನುವಾದ, ಮರು ಅನುವಾದಗಳಲ್ಲಿ ಮಾತಿನ ಮೊದಲೂ ಕೊನೆಯೂ ಬದಲಾಗಿರುತ್ತವೆ. ಮೂಲ ಭಾಷೆಯಲ್ಲಿ ನಡುವಿನ ಐದಾರು ಪದಗಳನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ, ಕಾಲಮಿತಿಯನ್ನು ದಶಕ ದಶಕವಾಗಿ ಹಿಂದಕ್ಕೆ ತಳ್ಳುತ್ತ ಹೋಗಬೇಕು. ಸತ್ತು ಐವತ್ತು ವರ್ಷವಾದ ಮೇಲಷ್ಟೇ ಮೊದಲ ಬಾರಿ ಕಾಣಿಸಿಕೊಳ್ಳುವ ಉಕ್ತಿಯನ್ನು ಅಲ್ಲಿಗೇ ಬಿಡಬಹುದು.

ರೋಮಿನ ಚಕ್ರವರ್ತಿ ಕ್ಯಾಲಿಗುಲ ತನ್ನ ಕುದುರೆಯನ್ನು ಕಾನ್ಸಲ್ (ಅಲ್ಲಿನ ಅತ್ಯುನ್ನತ ಆಡಳಿತಾಧಿಕಾರಿ) ಮಾಡಿದ ಕತೆಗೂ ಇದೇ ಅಳತೆ ಅನ್ವಯಿಸುತ್ತದೆ. ಕ್ಯಾಲಿಗುಲ ಕೊಲೆಯಾದದ್ದು ಕ್ರಿ.ಶ. 41ರಲ್ಲಿ. ಸುಮಾರು ಎಂಬತ್ತು ವರ್ಷಗಳ ಮೇಲೆ ಬರೆದ ಚರಿತ್ರೆಕಾರ ಸ್ವೆಟೋನಿಯಸ್ ಕುದುರೆಗೆ ಅಮೃತಶಿಲೆಯ ಲಾಯ, ದಂತದ ಗೋದಲಿ, ರತ್ನದ ಕೊರಳಪಟ್ಟಿ ಇತ್ತೆಂದು ಹೇಳಿ, ಕೊನೆಗೆ ‘ಕಾನ್ಸಲ್ ಮಾಡುವ ಯೋಚನೆಯೂ ಇತ್ತಂತೆ’ ಎನ್ನುತ್ತಾನೆ. ಅವನೇ ‘ಅಂತೆ’ ಎಂದದ್ದನ್ನು ನಂತರದವರು ‘ಮಾಡಿದ’ ಎಂದು ತಿದ್ದಿಕೊಂಡರು. ಅಷ್ಟಕ್ಕೂ ಮತದ ಮೂಲಕವೇ ಪ್ರಾಣಿ ಗೆದ್ದ ಘಟನೆ ಬೇಕಿದ್ದರೆ ರೋಮಿನವರೆಗೆ ಹೋಗಬೇಕಿಲ್ಲ. 1959ರಲ್ಲಿ ಬ್ರೆಜಿಲ್‌ನ ಸಾವೊಪಾಲೊ ನಗರಸಭೆ ಚುನಾವಣೆಯಲ್ಲಿ ಕಕಾರೆಕೊ ಎಂಬ ಹೆಣ್ಣು ಘೇಂಡಾಮೃಗಕ್ಕೆ ಸುಮಾರು ಒಂದು ಲಕ್ಷ ಮತ ಬಿತ್ತು. ಅಧಿಕಾರಿಗಳು ಆ ಮತಗಳನ್ನೆಲ್ಲ ಅಸಿಂಧು ಮಾಡಿದರು. ನಗರಾಡಳಿತದ ಮೇಲೆ ಜನರಿಗಿದ್ದ ಸಿಟ್ಟು ಹಾಗೆ ಪೆಟ್ಟಿಗೆಗೆ ಬಿದ್ದಿತ್ತು.

ನಿಯಮವೇ ಹೆತ್ತ ವಿಚಿತ್ರಗಳು

ಕಾನೂನಿನ ಸಾಲುಗಳ ನಡುವೆ ಹುಟ್ಟಿದ ವಿಚಿತ್ರಗಳಿಗೆ ಸುಳ್ಳು ಸೇರಿಸುವ ಅಗತ್ಯವೇ ಬೀಳುವುದಿಲ್ಲ.

ಮೆಕ್ಸಿಕೊದ ಪೆಡ್ರೊ ಲಸ್ಕುರಾಯಿನ್ 1913ರ ಫೆಬ್ರುವರಿ 19ರಂದು ಒಂದು ಗಂಟೆಗೂ ಕಡಿಮೆ ಹೊತ್ತು ದೇಶದ ಅಧ್ಯಕ್ಷರಾಗಿದ್ದರು. ಇಷ್ಟನ್ನು ಎಲ್ಲ ಪಟ್ಟಿಗಳೂ ಹೇಳುತ್ತವೆ, ಯಾಕೆ ಎಂದು ಹೇಳುವುದು ಕಡಿಮೆ. ಸೇನಾನಿ ವಿಕ್ಟೋರಿಯಾನೊ ಹುಯೆರ್ತಾ ಅಧ್ಯಕ್ಷ ಮದೆರೊ ಮತ್ತು ಉಪಾಧ್ಯಕ್ಷ ಪಿನೊ ಸುವಾರೆಸ್ ಅವರನ್ನು ಬಂಧಿಸಿದ್ದ. ಬಂದೂಕು ಕೈಯಲ್ಲಿತ್ತು, ಬೇಕಿದ್ದದ್ದು ಕಾನೂನಿನ ಮುದ್ರೆ. ಸಂವಿಧಾನದ ಪ್ರಕಾರ ಅವರಿಬ್ಬರೂ ಹೋದ ಮೇಲೆ ಸರದಿ ವಿದೇಶಾಂಗ ಸಚಿವರಿಗೆ ಬರುತ್ತಿತ್ತು, ಅವರ ಹಿಂದೆ ಒಳಾಡಳಿತ ಸಚಿವರು. ಮದೆರೊ, ಸುವಾರೆಸ್ ಇಬ್ಬರಿಂದಲೂ ರಾಜೀನಾಮೆ ಬರೆಸಿಕೊಂಡರು. ವಿದೇಶಾಂಗ ಸಚಿವ ಲಸ್ಕುರಾಯಿನ್ ಪ್ರಮಾಣವಚನ ಸ್ವೀಕರಿಸಿದರು, ಹುಯೆರ್ತಾನನ್ನು ಒಳಾಡಳಿತ ಸಚಿವನಾಗಿ ನೇಮಿಸಿದರು, ತಾವೂ ರಾಜೀನಾಮೆ ಕೊಟ್ಟರು. ಕಾಗದದ ಮೇಲೆ ಒಂದು ಅಕ್ಷರವೂ ಸಂವಿಧಾನ ತಪ್ಪದೆ ಮಿಲಿಟರಿ ದಂಗೆ ಅಧಿಕಾರ ಹಸ್ತಾಂತರವಾಯಿತು. ಮೂರು ದಿನದಲ್ಲಿ ಮದೆರೊ, ಸುವಾರೆಸ್ ಇಬ್ಬರನ್ನೂ ಕೊಂದರು. ಲಸ್ಕುರಾಯಿನ್ ಆಮೇಲೆ ಕಾನೂನು ಶಾಲೆಯೊಂದರ ನಿರ್ದೇಶಕರಾಗಿ ಹಲವು ವರ್ಷ ಕೆಲಸ ಮಾಡಿ 1952ರಲ್ಲಿ ತೀರಿಕೊಂಡರು. ಕಾನೂನನ್ನು ಹೀಗೂ ಬಳಸಬಹುದೆಂದು ತೋರಿಸಿಕೊಟ್ಟವರು ಕಾನೂನು ಶಾಲೆ ನಡೆಸಿದರು ಎಂಬುದನ್ನು ಯಾರೂ ಕಟ್ಟುಕತೆಯಾಗಿ ಹೆಣೆಯಲಾರರು.

ಇದೇ ಮಾದರಿಯ ‘ಒಂದು ದಿನದ ಅಧ್ಯಕ್ಷ’ ಅಮೆರಿಕದಲ್ಲೂ ಇದ್ದಾರೆಂಬ ಮಾತಿದೆ. ಮಿಸೌರಿಯ ಡೇವಿಡ್ ಅಚಿಸನ್ ಸಮಾಧಿ ಕಲ್ಲಿನ ಮೇಲೆಯೇ ಹಾಗೆ ಕೆತ್ತಿದೆ. 1849ರ ಮಾರ್ಚ್ 4 ಭಾನುವಾರ. ಹೊಸ ಅಧ್ಯಕ್ಷ ಝಕಾರಿ ಟೇಲರ್ ಭಾನುವಾರ ಪ್ರಮಾಣವಚನ ಬೇಡವೆಂದು ಸೋಮವಾರ ಸ್ವೀಕರಿಸಿದರು. ಹಾಗಾದರೆ ನಡುವಿನ ದಿನ, ಅಧಿಕಾರದ ಸರದಿಯಲ್ಲಿದ್ದ ಸೆನೆಟ್‌ನ ಹಂಗಾಮಿ ಸಭಾಪತಿ ಅಚಿಸನ್ ಅಧ್ಯಕ್ಷರಲ್ಲವೇ ಎಂಬುದು ವಾದ. ಎರಡು ಕಡೆ ಇದು ಮುರಿಯುತ್ತದೆ. ಹೊಸ ಅಧ್ಯಕ್ಷರ ಅವಧಿ ಮಾರ್ಚ್ 4ಕ್ಕೇ ಶುರು. ಪ್ರಮಾಣ ಅಧಿಕಾರ ಚಲಾಯಿಸಲು ಬೇಕೇ ಹೊರತು ಅವಧಿ ಶುರುವಾಗಲು ಬೇಡ. ಇನ್ನೊಂದು, ಅಚಿಸನ್‌ರ ಸೆನೆಟ್ ಅವಧಿಯೂ ಅದೇ ದಿನ ಮುಗಿದಿತ್ತು, ಅವರೂ ಹೊಸದಾಗಿ ಪ್ರಮಾಣ ತೆಗೆದುಕೊಂಡಿರಲಿಲ್ಲ. ಕಲ್ಲಿನಲ್ಲಿ ಕೆತ್ತಿದ್ದೆಲ್ಲ ಶಾಸನವಲ್ಲ.

ಬ್ರಿಟನ್ನಿನಲ್ಲಿ ಸಂಸದರು ರಾಜೀನಾಮೆ ಕೊಡುವಂತಿಲ್ಲ. 1624ರ ನಿರ್ಣಯವೊಂದರಿಂದ ಬಂದ ನಿಯಮವಿದು. ಹೊರಗೆ ಬರಬೇಕೆಂದರೆ ಅನರ್ಹರಾಗಬೇಕು. ಅನರ್ಹರಾಗಬೇಕೆಂದರೆ ರಾಜಪ್ರಭುತ್ವದ ಅಡಿಯಲ್ಲಿ ಲಾಭದಾಯಕ ಹುದ್ದೆ ಹಿಡಿಯಬೇಕು. ಅದಕ್ಕಾಗಿಯೇ ಎರಡು ಹುದ್ದೆಗಳನ್ನು ಉಳಿಸಿಕೊಂಡಿದ್ದಾರೆ: ಚಿಲ್ಟರ್ನ್ ಹಂಡ್ರೆಡ್ಸ್‌ನ ಉಸ್ತುವಾರಿ ಮತ್ತು ನಾರ್ತ್‌ಸ್ಟೆಡ್ ಜಹಗೀರಿನ ಉಸ್ತುವಾರಿ. ಸಂಬಳವಿಲ್ಲ, ಕೆಲಸವಿಲ್ಲ. ಹಣಕಾಸು ಸಚಿವರಿಗೆ ಪತ್ರ ಬರೆದರೆ ನೇಮಕ ಆಗುತ್ತದೆ, ಆ ಗಳಿಗೆಯಲ್ಲೇ ಸ್ಥಾನ ಖಾಲಿ. ಎರಡು ಹುದ್ದೆ ಇರುವುದರಿಂದ ಒಂದಾದ ಮೇಲೊಂದು ಬಳಸುತ್ತಾರೆ, ಒಂದೇ ದಿನ ಇಬ್ಬರು ಹೊರಟರೂ ತೊಂದರೆಯಿಲ್ಲ. ಇದು ಸಿಕ್ಕಿಕೊಂಡದ್ದು 2011ರ ಜನವರಿಯಲ್ಲಿ. ಬ್ರಿಟಿಷ್ ರಾಜಪ್ರಭುತ್ವವನ್ನೇ ಒಪ್ಪದ ಐರಿಷ್ ಗಣತಂತ್ರವಾದಿ ಜೆರಿ ಆಡಮ್ಸ್ ತಾನು ಸ್ಥಾನ ಬಿಡುತ್ತಿದ್ದೇನೆಂದು ಸರಳವಾಗಿ ಪತ್ರ ಬರೆದರು, ಹುದ್ದೆ ಕೇಳಲಿಲ್ಲ. ಸರ್ಕಾರ ಅವರನ್ನು ನಾರ್ತ್‌ಸ್ಟೆಡ್‌ಗೆ ನೇಮಿಸಿಯೇಬಿಟ್ಟಿತು. ಪ್ರಧಾನಿ ಡೇವಿಡ್ ಕ್ಯಾಮರಾನ್ ಸದನದಲ್ಲಿ ಅವರು ಹುದ್ದೆ ಒಪ್ಪಿಕೊಂಡಿದ್ದಾರೆ ಎಂದರು, ಆಡಮ್ಸ್ ಒಪ್ಪಿಕೊಂಡೇ ಇಲ್ಲ ಎಂದರು. ಒಪ್ಪಲಿ ಬಿಡಲಿ, ಸ್ಥಾನ ಖಾಲಿಯಾಯಿತು.

ಸತ್ತವರು ಚುನಾವಣೆ ಗೆದ್ದ ಸುದ್ದಿಗಳೂ ಇದೇ ಗುಂಪಿನವು. ಮಿಸೌರಿ ಗವರ್ನರ್ ಮೆಲ್ ಕಾರ್ನಹನ್ 2000ದ ಅಕ್ಟೋಬರ್ 16ರಂದು ವಿಮಾನ ಅಪಘಾತದಲ್ಲಿ ತೀರಿಕೊಂಡರು. ಸೆನೆಟ್ ಚುನಾವಣೆ ನವೆಂಬರ್ 7ಕ್ಕೆ. ಮತಪತ್ರದಿಂದ ಹೆಸರು ತೆಗೆಯುವ ಗಡುವು ದಾಟಿತ್ತು. ಕಾರ್ನಹನ್ ಗೆದ್ದರೆ ಅವರ ಪತ್ನಿ ಜೀನ್ ಅವರನ್ನು ನೇಮಿಸುವುದಾಗಿ ಹೊಸ ಗವರ್ನರ್ ಮೊದಲೇ ಪ್ರಕಟಿಸಿದ್ದರು. ಹಾಗಾಗಿ ಮತ ಹಾಕಿದವರಿಗೆ ತಾವು ಏನು ಮಾಡುತ್ತಿದ್ದೇವೆಂಬುದು ಚೆನ್ನಾಗಿ ಗೊತ್ತಿತ್ತು. ಸೋತ ಜಾನ್ ಆಶ್‌ಕ್ರಾಫ್ಟ್ ಮುಂದೆ ಅಮೆರಿಕದ ಅಟಾರ್ನಿ ಜನರಲ್ ಆದರು.

ಮುಳುಗಿ ಕಣ್ಮರೆಯಾದ ಪ್ರಧಾನಿಯ ಹೆಸರನ್ನು ಈಜುಕೊಳಕ್ಕೆ ಇಟ್ಟ ದೇಶ ಎಂದು ಆಸ್ಟ್ರೇಲಿಯವನ್ನು ಛೇಡಿಸುವುದುಂಟು. ನಿಜ. ಹೆರಾಲ್ಡ್ ಹೋಲ್ಟ್ 1967ರ ಡಿಸೆಂಬರ್ 17ರಂದು ವಿಕ್ಟೋರಿಯಾದ ಷೆವಿಯಟ್ ಬೀಚಿನಲ್ಲಿ ಸಮುದ್ರಕ್ಕಿಳಿದರು, ಮತ್ತೆ ಬರಲಿಲ್ಲ, ದೇಹವೂ ಸಿಗಲಿಲ್ಲ. ಮೆಲ್ಬರ್ನ್‌ನಲ್ಲಿ, ಅವರದೇ ಕ್ಷೇತ್ರದಲ್ಲಿ, ಆಗಲೇ ಈಜುಕೊಳವೊಂದರ ಕಟ್ಟಡ ಏಳುತ್ತಿತ್ತು. ಸ್ಥಳೀಯ ಸಂಸದರ ನೆನಪಿಗೆ ಅದೇ ಹೆಸರಿಟ್ಟರು. ಚೀನಾದ ಜಲಾಂತರ್ಗಾಮಿ ಬಂದು ಕರೆದೊಯ್ದಿತು ಎಂಬಂಥ ಕತೆಗಳು ಬೆಳೆಯಲು ಜಾಗ ಸಿಕ್ಕಿದ್ದು ಕಾನೂನಿನ ಒಂದು ಬಿರುಕಿನಿಂದ. ದೇಹ ಸಿಗದ ಸಾವುಗಳ ಬಗ್ಗೆ ಮರಣ ವಿಚಾರಣೆ ನಡೆಸಲು ವಿಕ್ಟೋರಿಯಾದಲ್ಲಿ 1985ರವರೆಗೆ ಅವಕಾಶವೇ ಇರಲಿಲ್ಲ. ಆಕಸ್ಮಿಕವಾಗಿ ಮುಳುಗಿ ಸತ್ತರು ಎಂಬ ಅಧಿಕೃತ ತೀರ್ಮಾನ ಬಂದದ್ದು 2005ರಲ್ಲಿ, 38 ವರ್ಷಗಳ ಮೇಲೆ.

ಮುಚ್ಚಿಟ್ಟ ಕಾಯಿಲೆಗಳು

ಸುದ್ದಿ ನಿಜವಾಗಿದ್ದೂ ಸುಳ್ಳೆಂದು ಅನ್ನಿಸಿಕೊಂಡ ಪ್ರಕರಣಗಳು ಬೇರೆ ಥರ. ಇವು ಹೆಚ್ಚಾಗಿ ಆರೋಗ್ಯಕ್ಕೆ ಸಂಬಂಧಿಸಿದವು. ಅಧಿಕಾರದಲ್ಲಿರುವವರ ಆರೋಗ್ಯದ ಪ್ರಶ್ನೆ ಇವತ್ತಿಗೂ ಎಲ್ಲ ದೇಶಗಳಲ್ಲೂ ಜೀವಂತವಾಗಿರುವುದರಿಂದ ಇದರ ಹೂರಣ ನೋಡುವುದು ಒಳ್ಳೆಯದು.

1893ರ ಬೇಸಿಗೆ. ಅಮೆರಿಕದಲ್ಲಿ ಬ್ಯಾಂಕುಗಳು ಕುಸಿಯುತ್ತಿದ್ದವು. ಸರ್ಕಾರ ಬೆಳ್ಳಿ ಕೊಳ್ಳಲೇಬೇಕೆಂಬ ಕಾನೂನನ್ನು ರದ್ದು ಮಾಡಿಸಲು ಅಧ್ಯಕ್ಷ ಗ್ರೋವರ್ ಕ್ಲೀವ್‌ಲ್ಯಾಂಡ್ ಸಂಸತ್ತಿನ ವಿಶೇಷ ಅಧಿವೇಶನ ಕರೆದಿದ್ದರು. ಉಪಾಧ್ಯಕ್ಷ ಅಡ್ಲಾಯ್ ಸ್ಟೀವನ್‌ಸನ್ ಬೆಳ್ಳಿಯ ಪರ. ಅಷ್ಟರಲ್ಲಿ ಅಧ್ಯಕ್ಷರ ಬಾಯಿಯ ಮೇಲಂಗಳದಲ್ಲಿ ಗಡ್ಡೆ ಕಾಣಿಸಿತು. ಸುದ್ದಿ ಹೊರಬಿದ್ದಿದ್ದರೆ ಮಾರುಕಟ್ಟೆ ಇನ್ನಷ್ಟು ನೆಲ ಕಚ್ಚುತ್ತಿತ್ತು.

ಮೀನು ಹಿಡಿಯುವ ಪ್ರವಾಸ ಎಂದು ಹೇಳಿ ಜುಲೈ 1ರಂದು ಗೆಳೆಯರೊಬ್ಬರ ಒನೈಡಾ ಎಂಬ ವಿಹಾರ ನೌಕೆಯ ಮೇಲೆ ಶಸ್ತ್ರಚಿಕಿತ್ಸೆ ಮಾಡಿದರು. ನೈಟ್ರಸ್ ಆಕ್ಸೈಡ್, ಆಮೇಲೆ ಈಥರ್ ಕೊಟ್ಟು, ಮೇಲ್ದವಡೆಯ ಎಡಭಾಗದ ಮೂಳೆಯನ್ನೂ ಹಲ್ಲುಗಳನ್ನೂ ತೆಗೆದರು. ಗುಟ್ಟು ಉಳಿದದ್ದು ಒಂದು ತಾಂತ್ರಿಕ ನಿರ್ಧಾರದಿಂದ: ಎಲ್ಲವನ್ನೂ ಬಾಯಿಯ ಒಳಗಿನಿಂದಲೇ ಮಾಡಿದರು, ಹೊರಗೆ ಒಂದು ಗಾಯವೂ ಇಲ್ಲ, ಮೀಸೆಯೂ ಹಾಗೇ ಇತ್ತು. ಕೆನ್ನೆಯನ್ನು ಅಗಲಿಸಿ ಹಿಡಿಯುವ ವಿಶೇಷ ಉಪಕರಣವೊಂದು ಶಸ್ತ್ರವೈದ್ಯ ಕೀನ್ ಬಳಿ ಇದ್ದದ್ದು ಇದಕ್ಕೆ ನೆರವಾಯಿತು. ಎರಡು ವಾರ ಬಿಟ್ಟು ಉಳಿದಿದ್ದ ಸ್ವಲ್ಪವನ್ನೂ ತೆಗೆದರು. ದವಡೆಯ ಖಾಲಿ ಜಾಗಕ್ಕೆ ಗಟ್ಟಿ ರಬ್ಬರಿನ ತುಂಡೊಂದನ್ನು ಅಚ್ಚು ಹಾಕಿ ಕೂರಿಸಿದ ಮೇಲೆ ಮಾತಿನಲ್ಲೂ ವ್ಯತ್ಯಾಸ ಉಳಿಯಲಿಲ್ಲ.

ಗುಟ್ಟು ಸೋರಿದ್ದು ಅರಿವಳಿಕೆ ಕೊಟ್ಟ ದಂತವೈದ್ಯರಿಂದ. ಆಗಸ್ಟ್ 29ರಂದು ಪತ್ರಕರ್ತ ಇ.ಜೆ. ಎಡ್ವರ್ಡ್ಸ್ ಫಿಲಡೆಲ್ಫಿಯಾದ ಪತ್ರಿಕೆಯಲ್ಲಿ ಬಹುತೇಕ ಎಲ್ಲವನ್ನೂ ಸರಿಯಾಗಿಯೇ ಬರೆದರು. ಅಧ್ಯಕ್ಷರ ಕಡೆಯವರು ‘ಬರೀ ಹಲ್ಲಿನ ತೊಂದರೆ’ ಎಂದರು. ಎದುರಾಳಿ ಪತ್ರಿಕೆ ಎಡ್ವರ್ಡ್ಸ್ ಮೇಲೆ ಮುಗಿಬಿತ್ತು. ಅಧ್ಯಕ್ಷರು ಜನರೆದುರು ಸರಾಗವಾಗಿ ಮಾತಾಡುತ್ತಿದ್ದಾಗ ಪತ್ರಕರ್ತನ ಮಾತನ್ನು ನಂಬುವವರು ಯಾರು? ಸತ್ಯ ಹೊರಬಂದದ್ದು 1917ರಲ್ಲಿ, ಕೀನ್ ತಾವೇ ಎಲ್ಲವನ್ನೂ ಬರೆದಾಗ. ಅಷ್ಟರಲ್ಲಿ 24 ವರ್ಷ ಕಳೆದಿತ್ತು, ಕ್ಲೀವ್‌ಲ್ಯಾಂಡ್ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಆ ಗಡ್ಡೆ ಫಿಲಡೆಲ್ಫಿಯಾದ ಮ್ಯೂಟರ್ ವಸ್ತುಸಂಗ್ರಹಾಲಯದ ಜಾಡಿಯಲ್ಲಿದೆ. 1980ರಲ್ಲಿ ಪ್ರಕಟವಾದ ಪರೀಕ್ಷೆಯ ಪ್ರಕಾರ ಅದು ನಿಧಾನವಾಗಿ ಬೆಳೆಯುವ, ಬೇರೆಡೆ ಹರಡುವುದು ಅಪರೂಪವಾದ ಬಗೆಯ ಕ್ಯಾನ್ಸರ್. ಶಸ್ತ್ರಚಿಕಿತ್ಸೆಯ ನಂತರ ಅವರು 15 ವರ್ಷ ಬದುಕಿದ್ದು ಹೇಗೆ ಎಂಬುದಕ್ಕೂ ಅಲ್ಲೇ ಉತ್ತರವಿದೆ.

ಫ್ರಾನ್ಸಿನ ಮಿತ್ತೆರಾಂ ಇದಕ್ಕೂ ಒಂದು ಹೆಜ್ಜೆ ಮುಂದೆ. ಅಧ್ಯಕ್ಷ ಪಾಂಪಿಡು 1974ರಲ್ಲಿ ಅಧಿಕಾರದಲ್ಲಿದ್ದಾಗಲೇ ಮುಚ್ಚಿಟ್ಟ ಕಾಯಿಲೆಯಿಂದ ಸತ್ತ ಕಹಿ ನೆನಪಿದ್ದುದರಿಂದ, ತಾನು ಆರು ತಿಂಗಳಿಗೊಮ್ಮೆ ಆರೋಗ್ಯ ವರದಿ ಪ್ರಕಟಿಸುತ್ತೇನೆಂದು ಮಿತ್ತೆರಾಂ ಮಾತು ಕೊಟ್ಟಿದ್ದರು. 1981ರ ಮೇ ತಿಂಗಳಲ್ಲಿ ಅಧ್ಯಕ್ಷರಾದರು, ಅದೇ ವರ್ಷದ ಕೊನೆಗೆ ಪ್ರಾಸ್ಟೇಟ್ ಕ್ಯಾನ್ಸರ್ ಪತ್ತೆಯಾಯಿತು. ವರದಿಗಳು ಆರು ತಿಂಗಳಿಗೊಮ್ಮೆ ತಪ್ಪದೆ ಬಂದವು, ಕ್ಯಾನ್ಸರಿನ ಮಾತು 1992ರವರೆಗೆ ಅವುಗಳಲ್ಲಿ ಬರಲೇ ಇಲ್ಲ. 1996ರ ಜನವರಿಯಲ್ಲಿ ಅವರು ತೀರಿಕೊಂಡ ಕೆಲವೇ ದಿನಗಳಲ್ಲಿ ವೈದ್ಯ ಕ್ಲೋದ್ ಗ್ಯುಬ್ಲೆ ಎಲ್ಲವನ್ನೂ ಪುಸ್ತಕವಾಗಿ ತಂದರು, ನ್ಯಾಯಾಲಯ ಕೂಡಲೇ ಮಾರಾಟ ತಡೆಯಿತು. ಅಷ್ಟರಲ್ಲಿ ಸುಮಾರು 40 ಸಾವಿರ ಪ್ರತಿ ಖರ್ಚಾಗಿತ್ತು. ಸಾವಿನ ಬೆನ್ನಲ್ಲೇ ತಾತ್ಕಾಲಿಕ ತಡೆ ಸರಿ, ಶಾಶ್ವತ ನಿಷೇಧ ತಪ್ಪು ಎಂದು ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯ 2004ರಲ್ಲಿ ತೀರ್ಪು ಕೊಟ್ಟಿತು. ನಿಯಮಿತವಾಗಿ ಪ್ರಕಟವಾಗುವ ವರದಿ ಎಂದ ಮಾತ್ರಕ್ಕೆ ಅದು ಪೂರ್ಣ ವರದಿ ಆಗಿರಬೇಕಿಲ್ಲ. ಸಹಿ ಹಾಕುವ ವೈದ್ಯರು ಯಾರ ಸಂಬಳದಲ್ಲಿದ್ದಾರೆ ಎಂಬುದೇ ಮೊದಲ ಪ್ರಶ್ನೆ.

ಕೈಗೆ ಸಿಗುವ ಪುರಾವೆ

ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡ್ ಒಂದು ಕೈಯಲ್ಲಿ ಗ್ರೀಕ್, ಇನ್ನೊಂದು ಕೈಯಲ್ಲಿ ಲ್ಯಾಟಿನ್ ಒಟ್ಟಿಗೆ ಬರೆಯುತ್ತಿದ್ದರು ಎಂಬುದಕ್ಕೆ ಅವರ ಕಾಲದ ಸಾಕ್ಷಿ ಇಲ್ಲ. ಆದರೆ ಅವರು ಪೈಥಾಗೊರಸ್ ಪ್ರಮೇಯಕ್ಕೆ ಸಾಧನೆಯೊಂದನ್ನು 1876ರಲ್ಲಿ ಶಿಕ್ಷಣ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ್ದು ನಿಜ, ಅದನ್ನು ಯಾರು ಬೇಕಾದರೂ ಕೂತು ಪರೀಕ್ಷಿಸಬಹುದು. ಒಂದೇ ಅಳತೆಯ ಎರಡು ಲಂಬಕೋನ ತ್ರಿಭುಜಗಳನ್ನು, ಒಂದರ ಉದ್ದ ಬಾಹುವಿನ ಮುಂದೆ ಇನ್ನೊಂದರ ಗಿಡ್ಡ ಬಾಹು ಒಂದೇ ಗೆರೆಯಲ್ಲಿ ಬರುವಂತೆ ಇಟ್ಟು, ಮೇಲಿನ ತುದಿಗಳನ್ನು ಸೇರಿಸಿದರೆ ತ್ರಾಪಿಜ್ಯ ಸಿಗುತ್ತದೆ. ಗಿಡ್ಡ ಬಾಹು ಅ, ಉದ್ದ ಬಾಹು ಬ, ಕರ್ಣ ಕ ಎಂದುಕೊಳ್ಳಿ. ತ್ರಾಪಿಜ್ಯದ ವಿಸ್ತೀರ್ಣ ‘ಅ ಮತ್ತು ಬ ಮೊತ್ತದ ವರ್ಗದ ಅರ್ಧ’. ಅದನ್ನೇ ಮೂರು ತ್ರಿಭುಜಗಳ ಮೊತ್ತವಾಗಿ ನೋಡಿದರೆ ‘ಅ ಗುಣಿಸು ಬ, ಜೊತೆಗೆ ಕ ವರ್ಗದ ಅರ್ಧ’. ಎರಡನ್ನೂ ಸಮ ಮಾಡಿದರೆ ಅ ವರ್ಗ ಕೂಡಿಸು ಬ ವರ್ಗ ಎಂದರೆ ಕ ವರ್ಗ. ಎರಡು ಕೈಯ ಬರವಣಿಗೆಗಿಂತ ಇದು ಎಷ್ಟೋ ಸೊಗಸು, ಆದರೂ ಪೋಸ್ಟುಗಳಲ್ಲಿ ಓಡುವುದು ಅದೇ.

ಲಿಂಕನ್ 1849ರಲ್ಲಿ ಪಡೆದ ಪೇಟೆಂಟ್ ಕೂಡ ಹೀಗೆ ಕೈಗೆ ಸಿಗುತ್ತದೆ, ಸಂಖ್ಯೆ 6469. ಮರಳ ದಿಬ್ಬಕ್ಕೆ ಸಿಕ್ಕಿಕೊಂಡ ದೋಣಿಯನ್ನು ಗಾಳಿ ತುಂಬಿದ ತಿದಿಗಳಿಂದ ಮೇಲೆತ್ತುವ ಸಾಧನ ಅದು. ಬಳಕೆಗೆ ಬರಲೇ ಇಲ್ಲ. ಬ್ರಿಟನ್ನಿನ ಪ್ರಧಾನಿಯಾಗಿದ್ದ ಮಾರ್ಗರೆಟ್ ಥ್ಯಾಚರ್ ಮೆದು ಐಸ್‌ಕ್ರೀಮ್ ಕಂಡುಹಿಡಿದರು ಎಂಬುದಕ್ಕೆ ಇಂಥ ಯಾವ ಕಾಗದವೂ ಇಲ್ಲ. ಅವರು ಆಹಾರ ಕಂಪನಿಯೊಂದರಲ್ಲಿ ರಸಾಯನ ಶಾಸ್ತ್ರಜ್ಞೆಯಾಗಿದ್ದದ್ದು ನಿಜ, ಕೊಬ್ಬಿನ ಪದರಗಳ ಸಾಬೂನೀಕರಣದ (ಕೊಬ್ಬು ಸಾಬೂನಾಗುವ ಕ್ರಿಯೆಯ) ಬಗ್ಗೆ 1951ರ ಸಂಶೋಧನಾ ಪ್ರಬಂಧವೊಂದರಲ್ಲಿ ಅವರ ಹೆಸರಿದೆ. ಮೆದು ಐಸ್‌ಕ್ರೀಮ್ ಅಮೆರಿಕದಲ್ಲಿ 1930ರ ದಶಕದಲ್ಲೇ ಇತ್ತು.

ಇವೆಲ್ಲಕ್ಕಿಂತ ಹಳೆಯ ಪುರಾವೆ ಅಥೆನ್ಸಿನ ಮಡಕೆ ಚೂರು. ಅಲ್ಲಿ ನಾಗರಿಕರು ಚೂರಿನ ಮೇಲೆ ಹೆಸರು ಗೀಚಿ ಒಬ್ಬ ನಾಯಕನನ್ನು ಹತ್ತು ವರ್ಷ ಊರಿನಿಂದ ಹೊರಗಿಡಬಹುದಿತ್ತು. ಅದಕ್ಕೆ 6,000 ಚೂರುಗಳು ಬೀಳಬೇಕಿತ್ತು. ಆಕ್ರೊಪೊಲಿಸ್‌ನ ಉತ್ತರದ ಇಳಿಜಾರಿನ ಬಾವಿಯೊಂದರಲ್ಲಿ ಅಥೆನ್ಸಿನ ನಾಯಕ ಥೆಮಿಸ್ಟೊಕ್ಲಿಸ್ ಹೆಸರಿನ 190 ಚೂರುಗಳು ಒಟ್ಟಿಗೆ ಸಿಕ್ಕವು. ಅಕ್ಷರದ ತಿರುವುಗಳನ್ನು ಹೋಲಿಸಿ ನೋಡಿದಾಗ ಬರೆದ ಕೈಗಳು ಹದಿನಾಲ್ಕೇ. ಅಂದರೆ ಯಾರೋ ಮೊದಲೇ ಬರೆಸಿ ಹಂಚಲು ಇಟ್ಟುಕೊಂಡಿದ್ದರು. ಬರೆಯಲು ಬಾರದವರಿಗೆ ಅನುಕೂಲವಾಗಲೆಂದೇ, ಎದುರಾಳಿ ಗುಂಪಿನ ಸಂಚೇ ಎಂಬುದನ್ನು ಚೂರುಗಳು ಹೇಳುವುದಿಲ್ಲ. ಬಳಸದೆ ಉಳಿದ ಸರಕನ್ನು ಬಾವಿಗೆ ಸುರಿದಿರಬೇಕು ಎಂಬಲ್ಲಿಗೆ ವಿದ್ವಾಂಸರು ನಿಲ್ಲುತ್ತಾರೆ.

ಈಗಿನ ಸುದ್ದಿಯಲ್ಲಿ ಮೇಲಿಂದ ಮೇಲೆ ಬರುವ ‘ನೊಬೆಲ್ ಶಾಂತಿ ಪ್ರಶಸ್ತಿಗೆ ನಾಮನಿರ್ದೇಶನ’ವನ್ನೂ ಇದೇ ಕಣ್ಣಿನಿಂದ ನೋಡಬೇಕು. ಯಾವುದೇ ದೇಶದ ಸಂಸದರು, ಸಚಿವರು, ಇತಿಹಾಸ, ಕಾನೂನು ಮೊದಲಾದ ವಿಷಯಗಳ ಪ್ರಾಧ್ಯಾಪಕರು, ಹಿಂದೆ ಪ್ರಶಸ್ತಿ ಪಡೆದವರು ಜನವರಿ 31ರೊಳಗೆ ಹೆಸರು ಕಳಿಸಬಹುದು. 2016ರಲ್ಲಿ 376 ಹೆಸರು ಬಂದಿದ್ದವು. 1939ರ ಜನವರಿಯಲ್ಲಿ ಸ್ವೀಡನ್ನಿನ ಸಂಸದ ಬ್ರಾಂಟ್ ಹಿಟ್ಲರ್ ಹೆಸರನ್ನು ಕಳಿಸಿದ್ದ. ಅವನ ಸಹೋದ್ಯೋಗಿಗಳು ಬ್ರಿಟನ್ನಿನ ಪ್ರಧಾನಿ ಚೇಂಬರ್ಲಿನ್ ಹೆಸರು ಕಳಿಸಿದ್ದಕ್ಕೆ ಅದು ವ್ಯಂಗ್ಯದ ಉತ್ತರ. ಗದ್ದಲವಾದ ಮೇಲೆ ಫೆಬ್ರುವರಿ 1ರಂದು ಹಿಂತೆಗೆದುಕೊಂಡ. ಸ್ಟಾಲಿನ್ ಹೆಸರು 1945ರಲ್ಲೂ 1948ರಲ್ಲೂ ಹೋಗಿತ್ತು. ಗಾಂಧೀಜಿ ಹೆಸರು ಐದು ವರ್ಷ ಹೋಗಿತ್ತು. ಸಮಿತಿ ನಾಮನಿರ್ದೇಶನಗಳ ಕಡತವನ್ನು 50 ವರ್ಷ ತೆರೆಯುವುದಿಲ್ಲ. ಈ ವರ್ಷ ಯಾರೋ ನಾಯಕರ ಹೆಸರು ಹೋಗಿದೆ ಎಂದು ಸುದ್ದಿಯಾಗಿದ್ದರೆ ಅದನ್ನು ಹೇಳಿದವರು ಕಳಿಸಿದವರೇ, ಇಲ್ಲವೇ ಅವರ ಕಡೆಯವರು. ಸಮಿತಿ ಹೌದೆಂದೂ ಹೇಳುವುದಿಲ್ಲ, ಇಲ್ಲವೆಂದೂ ಹೇಳುವುದಿಲ್ಲ.